ಗಾಲಿಗೆ ನೂರು ಗ್ರಾಂ

ಇಲ್ಲಿಂದ ಅಮೆರಿಕಕ್ಕೆ ಹೋಗುವ ಸೂಟ್‌ಕೇಸಿನಲ್ಲಿ ಏನಿರುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಚಟ್ನಿಪುಡಿ, ಹುಳಿಪುಡಿ, ನಿಪ್ಪಟ್ಟು, ಹಪ್ಪಳ, ಕುಕ್ಕರಿನ ಗ್ಯಾಸ್ಕೆಟ್ಟು, ದೊಡ್ಡಮ್ಮ ಕಡೇ ಗಳಿಗೆಯಲ್ಲಿ ತುರುಕಿದ ಒಂದು ಡಬ್ಬಿ ಉಪ್ಪಿನಕಾಯಿ. ಬರುವಾಗ ಅದೇ ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟು, ಯಾರಿಗೂ ಬೇಡವಾದ ವಿಟಮಿನ್ ಮಾತ್ರೆ. ಎರಡು ಕಡೆಗೂ ಮಿತಿ ಸಾಮಾನ್ಯವಾಗಿ 23 ಕಿಲೊ. ಈ 23 ಕಿಲೊವನ್ನು ಸರಿದೂಗಿಸಲು ಮನೆಮಂದಿಯೆಲ್ಲ ರಾತ್ರಿ ಹನ್ನೆರಡರವರೆಗೆ ಸ್ಪ್ರಿಂಗ್ ತಕ್ಕಡಿ ಹಿಡಿದು ಕೂರುವುದನ್ನು ನೋಡಿದವನಿಗೆ, ಒಬ್ಬ ಮನುಷ್ಯ ಆ ಮಿತಿಯೊಳಗೆ ಬೇಕೆಂದೇ ಹಿತ್ತಾಳೆ ತರಿಸಿಕೊಳ್ಳುತ್ತಾನೆ ಎಂದರೆ ನಂಬಿಕೆ ಬರಲಿಕ್ಕಿಲ್ಲ. ನನ್ನ ತಂಗಿಯ ಮಗ ತರಿಸಿಕೊಳ್ಳುತ್ತಾನೆ. ವಿಗ್ರಹವಲ್ಲ, ದೀಪವಲ್ಲ. ಆಟಿಕೆ ಜೀಪಿನ ಗಾಲಿಯೊಳಗೆ ಕೂರಿಸುವ ಬಳೆಗಳು. ಅವುಗಳ ಏಕೈಕ ಗುಣವೆಂದರೆ ಭಾರವಾಗಿರುವುದು.

ಆಟಿಕೆ ಎಂದರೆ ಅವನಿಗೆ ಸಿಟ್ಟು ಬರುತ್ತದೆ. ಅದು ರಾಕ್ ಕ್ರಾಲರ್. ರಿಮೋಟಿನಿಂದ ನಡೆಯುವ, ನಾಲ್ಕೂ ಗಾಲಿಗೆ ಶಕ್ತಿ ಹರಿಯುವ, ಬಂಡೆಗಳ ಮೇಲೆ ತೆವಳುವುದಕ್ಕೆಂದೇ ಹುಟ್ಟಿದ ಗಾಡಿ. ರಿಮೋಟ್ ಕಾರು ಎಂದ ಕೂಡಲೇ ಧೂಳೆಬ್ಬಿಸಿ ಹಾರುವ, ಪಕ್ಕದ ಮನೆಯ ಹೂವಿನ ಕುಂಡಕ್ಕೆ ಗುದ್ದುವ ಪುಂಡ ಗಾಡಿ ಕಣ್ಣಿಗೆ ಬರುತ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ವೇಗ ನನ್ನ ಬೆಳಗಿನ ವಾಕಿಂಗಿಗಿಂತ ಕಡಿಮೆ. ಒಂದು ಬಂಡೆಯ ಸಂದಿ ದಾಟಲು ಹತ್ತು ನಿಮಿಷ ತೆಗೆದುಕೊಂಡರೂ ಅವಮಾನವಿಲ್ಲ. ನಿವೃತ್ತರಿಗೆ ಇಷ್ಟು ಒಪ್ಪುವ ಇನ್ನೊಂದು ವಾಹನವನ್ನು ನಾನು ಕಂಡಿಲ್ಲ.

ಇದರ ತವರು ಅಮೆರಿಕದ ಪಶ್ಚಿಮದ ಕಲ್ಲುನಾಡು. ಯೂಟಾದ ಮೋಯಬ್, ಕ್ಯಾಲಿಫೋರ್ನಿಯಾದ ರುಬಿಕಾನ್ ದಾರಿ, ಇಂಥ ಕಡೆ ನಿಜವಾದ ಜೀಪುಗಳನ್ನು ಬಂಡೆ ಹತ್ತಿಸುವ ಹುಚ್ಚು ಮೊದಲೇ ಇತ್ತು. ಆ ಹುಚ್ಚಿಗೆ ದುಡ್ಡು ಸಾಲದವರು, ಅಥವಾ ಸೊಂಟ ಸಾಲದವರು, ಅದನ್ನೇ ಹತ್ತನೇ ಒಂದು ಅಳತೆಯಲ್ಲಿ ಮಾಡಿಕೊಂಡರು. ಮೊದಮೊದಲು ಅಂಗಡಿಯಲ್ಲಿ ಇಂಥ ಗಾಡಿ ಸಿಗುತ್ತಿರಲಿಲ್ಲ. ಜಪಾನಿನ ಟಮಿಯಾ ಕಂಪನಿ 1987ರಲ್ಲಿ ತಂದ ಕ್ಲಾಡ್ ಬಸ್ಟರ್ ಎಂಬ ದೈತ್ಯ ಗಾಲಿಯ ಟ್ರಕ್ಕಿನ ಆಕ್ಸಲ್‌ಗಳನ್ನು ಬಿಚ್ಚಿ, ಅದರ ಮೇಲೆ ತಾವೇ ಚೌಕಟ್ಟು ಕಟ್ಟಿ ಹತ್ತಿಸುತ್ತಿದ್ದರು. ಅದರಲ್ಲಿ ಒಂದೊಂದು ಆಕ್ಸಲ್‌ಗೂ ಅದರದೇ ಮೋಟರು ಇದ್ದದ್ದು ದೊಡ್ಡ ಅನುಕೂಲ. 2007ರ ಹೊತ್ತಿಗೆ ಆಕ್ಸಿಯಲ್ ಕಂಪನಿ ಎಎಕ್ಸ್10 ಎಂಬ ಕ್ರಾಲರನ್ನು ಡಬ್ಬಿಯಲ್ಲಿಟ್ಟು ಮಾರಿತು. 2017ರಲ್ಲಿ ಟ್ರ್ಯಾಕ್ಸಾಸ್‌ನ ಟಿಆರ್‌ಎಕ್ಸ್-4 ಬಂತು, ಲ್ಯಾಂಡ್ ರೋವರ್ ಡಿಫೆಂಡರ್‌ನ ಮೈ ತೊಟ್ಟು. 2020ರ ಹೊತ್ತಿಗೆ ಆಕ್ಸಿಯಲ್‌ನವರು ಇಪ್ಪತ್ತನಾಲ್ಕನೇ ಒಂದು ಅಳತೆಯ, ಅಂಗೈಯಗಲದ ಎಸ್‌ಸಿಎಕ್ಸ್24 ತಂದರು. ಜಗತ್ತು ಮನೆಯೊಳಗೆ ಬೀಗ ಹಾಕಿಕೊಂಡ ವರ್ಷ ಅದು. ಸೋಫಾದ ಮೇಲೆ ಪುಸ್ತಕ ಒಟ್ಟಿದರೆ ಬೆಟ್ಟ, ದಿಂಬು ಇಟ್ಟರೆ ಕಣಿವೆ. ನಮ್ಮ ಮನೆಯಲ್ಲಿ ನಿಘಂಟಿನ ಸಂಪುಟಗಳು ಕಪಾಟಿನಿಂದ ಕೆಳಗಿಳಿದದ್ದು ಆಗಲೇ. ಓದುವುದಕ್ಕಲ್ಲದಿದ್ದರೂ ಇಳಿದವಲ್ಲ ಎಂದು ನಾನು ಸುಮ್ಮನಿದ್ದೆ.

ಈ ಗಾಡಿಗಳನ್ನು ಡಬ್ಬಿಯಿಂದ ತೆಗೆದು ಹಾಗೇ ಓಡಿಸುವವನನ್ನು ಈ ಬಳಗದಲ್ಲಿ ಮದುವೆಗೆ ಮುಂಚಿನವನಂತೆ ನೋಡುತ್ತಾರೆ: ಪಾಪ, ಇನ್ನೂ ಏನೂ ಗೊತ್ತಿಲ್ಲ. ಗೊತ್ತಾದವನು ಮೊದಲು ಮಾಡುವ ಕೆಲಸ ಗಾಲಿ ಬಿಚ್ಚುವುದು. ಬೀಡ್‌ಲಾಕ್ ಎಂಬ ಗಾಲಿಗಳಿವೆ. ಇವುಗಳಲ್ಲಿ ಟೈರನ್ನು ಅಂಟಿನಿಂದ ಕೂರಿಸುವುದಿಲ್ಲ, ಒಂದು ಉಂಗುರ ಒತ್ತಿ ಸುತ್ತ ಪುಟ್ಟ ಪುಟ್ಟ ಸ್ಕ್ರೂಗಳಿಂದ ಬಿಗಿಯುತ್ತಾರೆ. ಟೈರಿನಲ್ಲಿ ಗಾಳಿ ತುಂಬುವುದಿಲ್ಲ, ಒಳಗೆ ಸ್ಪಂಜು ಇರುತ್ತದೆ. ಆ ಸ್ಪಂಜಿಗೂ ಗಾಲಿಗೂ ನಡುವಿನ ಜಾಗದಲ್ಲಿ ಭಾರ ಸೇರಿಸಬೇಕು. ಸೀಸದ ಪಟ್ಟಿಯಾಗಬಹುದು, ಹಿತ್ತಾಳೆಯ ಬಳೆಯಾಗಬಹುದು, ಉಕ್ಕಿನ ಚೂರಾಗಬಹುದು. ಮುಂದಿನ ಗಾಲಿಗೆ ಹೆಚ್ಚು, ಹಿಂದಿನದಕ್ಕೆ ಕಡಿಮೆ, ಅಥವಾ ಏನೂ ಇಲ್ಲ.

ಹಿತ್ತಾಳೆ ಬಾರದ ಕಾಲದಲ್ಲಿ, ಅಂದರೆ ಅಮೆರಿಕದಿಂದ ಯಾರೂ ಬರದ ತಿಂಗಳುಗಳಲ್ಲಿ, ಸೀಸದ ಪಟ್ಟಿಗಾಗಿ ನಾವು ಟೈರು ಅಂಗಡಿಗೆ ಹೋಗುತ್ತೇವೆ. ಕಾರಿನ ಗಾಲಿ ಬ್ಯಾಲೆನ್ಸ್ ಮಾಡುವಾಗ ಅಂಟಿಸುತ್ತಾರಲ್ಲ, ಐದೈದು, ಹತ್ತುಹತ್ತು ಗ್ರಾಮಿನ ಚೌಕಗಳ ಪಟ್ಟಿ, ಅದು ನಮಗೆ ಹೇಳಿ ಮಾಡಿಸಿದ್ದು. ಅಂಗಡಿಯವನಿಗೆ ಮಾತ್ರ ಇದು ಅರ್ಥವಾಗುವುದಿಲ್ಲ. ಅವನ ಜೀವನವೆಲ್ಲ ಗಾಲಿಯ ಯಾವ ಬದಿ ಹಗುರ ಎಂದು ಹುಡುಕಿ ಅಲ್ಲಿಗಷ್ಟೇ ಒಂದು ಚೂರು ಅಂಟಿಸುವುದರಲ್ಲಿ ಕಳೆದಿದೆ.

"ಎಷ್ಟು ಔಟ್ ಐತೆ ಸಾರ್ ಗಾಲಿ?" ಎಂದು ಕೇಳಿದ.

"ಏನೂ ಔಟ್ ಇಲ್ಲ."

"ಮತ್ತೆ ಎಲ್ಲಿಗೆ ಅಂಟಿಸ್ತೀರಿ?"

"ಸುತ್ತಲೂ."

ಅವನು ಪಟ್ಟಿಯನ್ನು ಕಾಗದದಲ್ಲಿ ಸುತ್ತಿಕೊಟ್ಟ. ಚಿಲ್ಲರೆ ಕೊಡುವಾಗ ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಅವನ ಕಸುಬಿಗೆ ಸಂಬಂಧಿಸಿದಂತೆ ಅವನ ಅನುಮಾನ ನ್ಯಾಯವೇ. ರಸ್ತೆಯ ಗಾಡಿಗೆ ಗಾಲಿ ಎಷ್ಟು ಹಗುರವೋ ಅಷ್ಟು ಒಳ್ಳೆಯದು. ಸ್ಪ್ರಿಂಗಿನ ಕೆಳಗಿರುವ ತೂಕ ಹೆಚ್ಚಾದಷ್ಟೂ ಗುಂಡಿಗೆ ಬಿದ್ದಾಗ ಸವಾರಿ ಒರಟಾಗುತ್ತದೆ. ಗಾಲಿಯ ಅಂಚಿನಲ್ಲಿ ಕೂತ ತೂಕ, ವೇಗ ಹೆಚ್ಚಿಸುವಾಗ ಎರಡರಷ್ಟು ಭಾರದಂತೆ ವರ್ತಿಸುತ್ತದೆ, ಏಕೆಂದರೆ ಅದನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು. ಅಲಾಯ್ ಗಾಲಿಗೆ ಜನ ದುಡ್ಡು ಸುರಿಯುವುದು ಅದಕ್ಕೇ. ಕ್ರಾಲರ್ ಈ ವೇದಾಂತಕ್ಕೆ ಸೇರಿದ್ದಲ್ಲ. ಅದಕ್ಕೆ ವೇಗವಿಲ್ಲ, ಆದ್ದರಿಂದ ಆ ಎರಡರಷ್ಟರ ಚಿಂತೆಯೂ ಇಲ್ಲ. ಸ್ಪ್ರಿಂಗಿನ ಕೆಳಗಿನ ತೂಕವೇ ಅದಕ್ಕೆ ಬೇಕಾದದ್ದು. ಚೌಕಟ್ಟಿನ ಮೇಲೆ ಭಾರ ಹೇರಿದರೆ ಸ್ಪ್ರಿಂಗು ಕುಗ್ಗುತ್ತದೆ, ಬದಿ ಇಳಿಜಾರಿನಲ್ಲಿ ಮೈ ತಗ್ಗಿನ ಕಡೆಗೆ ವಾಲುತ್ತದೆ. ಗಾಲಿಯೊಳಗೆ ಇಟ್ಟರೆ ಸ್ಪ್ರಿಂಗಿಗೆ ಸುದ್ದಿಯೇ ಮುಟ್ಟುವುದಿಲ್ಲ.

ನಾನು ಗಣಿತದ ಮೇಷ್ಟ್ರಾಗಿದ್ದವನು. ಹುಡುಗನ ಮಾತಿನಲ್ಲಿ "ಸಖತ್ ಗ್ರಿಪ್ ಬರುತ್ತೆ ಮಾಮ" ಎಂಬುದಕ್ಕಿಂತ ಹೆಚ್ಚಿನ ಪುರಾವೆ ಇಲ್ಲದ್ದು ನೋಡಿ ಹಳೇ ಚಾಳಿ ಎದ್ದಿತು. ಹಿಡಿತಕ್ಕೂ ತೂಕಕ್ಕೂ ಸಂಬಂಧವಿದೆ, ನಿಜ. ಫ್ರಾನ್ಸಿನ ಅಮೋಂಟನ್ಸ್ 1699ರಲ್ಲೇ ಹೇಳಿದ್ದು: ಒತ್ತುವ ಭಾರ ಎಷ್ಟೋ ಘರ್ಷಣೆ ಅಷ್ಟು. ಆದರೆ ಏರಿನಲ್ಲಿ ಗಾಡಿಯನ್ನು ಕೆಳಗೆಳೆಯುವ ಬಲವೂ ಅದೇ ಭಾರದ ಪ್ರಮಾಣದಲ್ಲೇ ಹೆಚ್ಚುತ್ತದೆ. ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಸಿದ ಹಾಗಾಯಿತು. ಮೆತ್ತನೆ ರಬ್ಬರು ಈ ನಿಯಮವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ, ಭಾರ ಬಿದ್ದಾಗ ಕಲ್ಲಿನ ಏರುತಗ್ಗನ್ನು ಅಪ್ಪಿಕೊಳ್ಳುತ್ತದೆ ಎಂಬುದು ಬೇರೆ ಮಾತು. ಆದರೂ ಇಡೀ ಗಾಡಿಯನ್ನು ಸಮನಾಗಿ ಭಾರ ಮಾಡಿದರೆ ಬಂಡೆ ಹತ್ತುವ ಶಕ್ತಿ ದೊಡ್ಡದಾಗಿ ಹೆಚ್ಚಬೇಕಾಗಿಲ್ಲ. ಹಾಗಿದ್ದರೆ ಸೀಸ ಮಾಡುವ ಉಪಕಾರ ಯಾವುದು?

ಉತ್ತರ ಮಂಡ್ಯದ ರಸ್ತೆಯಲ್ಲಿದೆ. ಕಬ್ಬಿನ ಕಾಲದಲ್ಲಿ ಆ ಕಡೆ ಹೋದವರು ನೋಡಿಯೇ ಇರುತ್ತೀರಿ. ಟ್ರೇಲರಿನ ಮೇಲೆ ಆಕಾಶದೆತ್ತರ ಕಬ್ಬು, ಮುಂದೆ ಏರು, ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಮೆಲ್ಲಗೆ ನೆಲ ಬಿಡುತ್ತವೆ. ಸ್ಟೇರಿಂಗು ತಿರುಗಿಸಿದರೆ ಗಾಳಿಯನ್ನು ತಿರುಗಿಸಿದಂತೆ. ಆಗ ಯಾರಾದರೂ ಇಬ್ಬರು ಓಡಿಬಂದು ಬಾನೆಟ್ಟಿನ ಮೇಲೆ ಕೂರುತ್ತಾರೆ, ಮುಂಭಾಗ ಕೆಳಗಿಳಿಯುತ್ತದೆ. ಅಪಾಯದ ಕೆಲಸ, ಯಾರೂ ಮಾಡಬಾರದು, ಆದರೆ ಭೌತಶಾಸ್ತ್ರ ಮಾತ್ರ ಚೊಕ್ಕಟ. ಏರಿನಲ್ಲಿ ಯಾವ ಗಾಡಿಯಾದರೂ ತನ್ನ ತೂಕವನ್ನು ಹಿಂದಕ್ಕೆ ಜಾರಿಸುತ್ತದೆ, ಮುಂದಿನ ಗಾಲಿ ಹಗುರಾಗುತ್ತದೆ, ಕೊನೆಗೆ ಎದ್ದು ಬೆನ್ನ ಮೇಲೆ ಬೀಳುತ್ತದೆ. ಟ್ರ್ಯಾಕ್ಟರ್ ಕಂಪನಿಗಳು ಮೂತಿಗೆ ಎರಕದ ಕಬ್ಬಿಣದ ತುಂಡುಗಳನ್ನು ತೂಗುಹಾಕುವುದು ಇದನ್ನು ತಡೆಯುವುದಕ್ಕೆ. ಹಿಂದಿನ ಗಾಲಿಗಳಿಗೂ ಕಬ್ಬಿಣದ ಬಿಲ್ಲೆ ಕಟ್ಟುವುದುಂಟು. ಟೈರಿನೊಳಗೆ ಮುಕ್ಕಾಲು ಭಾಗ ನೀರು ತುಂಬುವುದೂ ಉಂಟು. ಚಳಿದೇಶಗಳಲ್ಲಿ ಆ ನೀರು ಹೆಪ್ಪುಗಟ್ಟದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಮಂಡ್ಯಕ್ಕೆ ಆ ತಾಪತ್ರಯವಿಲ್ಲ. ಅಮೆರಿಕದ ನಿಜ ಗಾತ್ರದ ಕ್ರಾಲರ್ ಪಟುಗಳೂ ಮುಂದಿನ ಟೈರುಗಳಿಗೆ ನೀರು ತುಂಬುತ್ತಾರೆಂದು ಕೇಳಿದಾಗ ನನ್ನ ಸೋದರಳಿಯನಿಗೆ ಅದು ಮಹಾ ಆವಿಷ್ಕಾರವಾಗಿ ಕಂಡಿತು. ನಮ್ಮ ಊರಿನ ಟ್ರ್ಯಾಕ್ಟರಿನವರು ಅದಕ್ಕೆ ಪಂಪ್‌ಸೆಟ್ಟಿನ ಪೈಪು ಹಚ್ಚುತ್ತಾರೆ.

ಸರಿ, ಲೆಕ್ಕ. ಟಿಆರ್‌ಎಕ್ಸ್-4ರ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ದೂರ 324 ಮಿಲಿಮೀಟರ್. ಗಾಡಿಯ ತೂಕ 3 ಕಿಲೊ ಇರಲಿ. ಗುರುತ್ವ ಕೇಂದ್ರ ಸರಿಯಾಗಿ ನಡುವೆ, ನೆಲದಿಂದ 100 ಮಿಲಿಮೀಟರ್ ಎತ್ತರದಲ್ಲಿ ಇರಲಿ. ಇವೆರಡು ನನ್ನ ಊಹೆ, ಪರೀಕ್ಷೆಯ ಪ್ರಶ್ನೆಯಲ್ಲಿ "ಎಂದು ಭಾವಿಸಿ" ಎನ್ನುತ್ತೇವಲ್ಲ ಆ ಜಾತಿಯದು. ಆಗ ಗಾಡಿ ಹಿಂದಕ್ಕೆ ಮಗುಚುವ ಏರು ಸುಮಾರು 58 ಡಿಗ್ರಿ. ಮುಂದಿನ ಗಾಲಿಗಳಿಗೆ ನೂರು ನೂರು ಗ್ರಾಂ, ಹಿಂದಿನವಕ್ಕೆ ಐವತ್ತೈವತ್ತು, ಒಟ್ಟು 300 ಗ್ರಾಂ ಸೇರಿಸಿದರೆ ಅದು 60 ಆಗುತ್ತದೆ. ಎರಡು ಡಿಗ್ರಿ! ಹಿತ್ತಾಳೆ, ಸೂಟ್‌ಕೇಸು, ವಿಮಾನದ ಟಿಕೇಟು, ಎಲ್ಲಾ ಸೇರಿ ಎರಡು ಡಿಗ್ರಿ. ಹಿಂದಕ್ಕೆ ಏನೂ ಕೊಡದೆ ಮುಂದಿನ ಎರಡಕ್ಕೇ ಇನ್ನೂರಿನ್ನೂರು ಗ್ರಾಂ ತುಂಬಿದರೆ 62. ಈ ಲಾಭವೂ ಪುಕ್ಕಟೆಯಲ್ಲ. ಇಳಿಯುವಾಗ ಮೂತಿಯ ಮೇಲೆ ಮಗುಚುವ ಕೋನ 58ರಿಂದ 56ಕ್ಕೆ ಬರುತ್ತದೆ.

ಹುಡುಗನ ಮುಖ ಸಣ್ಣಗಾಯಿತು. ಆದರೆ ಬಂಡೆಯ ಮೇಲೆ ನಿಂತು ನೋಡಿದರೆ ಆ ಎರಡು ಡಿಗ್ರಿಯೇ ಸರ್ವಸ್ವ ಎಂಬುದನ್ನೂ ನಾನು ಒಪ್ಪಬೇಕು. ಮಗುಚುವುದಕ್ಕೆ ಬಹಳ ಮೊದಲೇ ಮುಂದಿನ ಟೈರು ಕಲ್ಲನ್ನು ಕಚ್ಚುವುದನ್ನು ನಿಲ್ಲಿಸಿರುತ್ತದೆ. ಮೋಟರು ಚೌಕಟ್ಟಿನಲ್ಲಿದ್ದು ಉದ್ದನೆಯ ದಂಡದಿಂದ ಆಕ್ಸಲ್‌ಗಳನ್ನು ತಿರುಗಿಸುವ ಗಾಡಿಯಲ್ಲಿ ಇನ್ನೊಂದು ಕೀಟಲೆಯಿದೆ: ಶಕ್ತಿ ಕೊಟ್ಟ ಕೂಡಲೇ ಚೌಕಟ್ಟು ಒಂದು ಬದಿಗೆ ತಿರುಚಿಕೊಂಡು ಮುಂದಿನ ಒಂದು ಗಾಲಿಯನ್ನು ಮೇಲೆತ್ತುತ್ತದೆ. ನೂರು ಗ್ರಾಂ ಒಳಗಿದ್ದರೆ ಆ ಗಾಲಿ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಹಳೇ ಕ್ಲಾಡ್ ಬಸ್ಟರಿನ ಕಾಲದವರಿಗೆ ಈ ಕಾಟ ಇರಲಿಲ್ಲ, ಅವರ ಮೋಟರು ಆಕ್ಸಲಿನ ಮೇಲೇ ಕೂತಿತ್ತು.

ಅದೇ ಕಾಗದದ ಹಿಂಬದಿಯಲ್ಲಿ ನಾನು ಇನ್ನೊಂದು ಲೆಕ್ಕ ಮಾಡಿದೆ, ಅದು ಅವನಿಗೆ ಇಷ್ಟವಾಗಲಿಲ್ಲ. 300 ಗ್ರಾಮಿನ ಬ್ಯಾಟರಿಯನ್ನು ಹಿಂದಿನಿಂದ 15 ಸೆಂಟಿಮೀಟರ್ ಮುಂದಕ್ಕೆ ಸರಿಸಿದರೆ ಸಾಕು, ಒಂದು ಗ್ರಾಂ ಸೀಸವಿಲ್ಲದೆ 58 ಹೋಗಿ ಅರವತ್ತೂವರೆ ಆಗುತ್ತದೆ. ಅಂದರೆ ಹಿತ್ತಾಳೆಗಿಂತ ಅರ್ಧ ಡಿಗ್ರಿ ಹೆಚ್ಚು. ಖರ್ಚು ಒಂದು ವೆಲ್ಕ್ರೋ ಪಟ್ಟಿ. ಈ ವಿಷಯ ಆ ಬಳಗದಲ್ಲಿ ಎಲ್ಲರಿಗೂ ಗೊತ್ತು. ಆದರೂ ಬ್ಯಾಟರಿ ಸರಿಸಿದ್ದನ್ನು ಯಾರೂ ಇನ್ನೊಬ್ಬರಿಗೆ ಕರೆದು ತೋರಿಸುವುದಿಲ್ಲ. ಹಿತ್ತಾಳೆ ತೋರಿಸುತ್ತಾರೆ. ಫಳಫಳ ಹೊಳೆಯುತ್ತದೆ.

ಇನ್ನು ಮೇಲ್ಛಾವಣಿಯ ವಿಷಯ. ಗಾಡಿ ನಿಜವಾದ ಜೀಪಿನಂತೆಯೇ ಕಾಣಬೇಕೆಂಬ ಪಂಥದವರಿದ್ದಾರೆ. ಅವರು ಛಾವಣಿಯ ಮೇಲೆ ಪುಟ್ಟ ಕ್ಯಾರಿಯರ್ ಕೂರಿಸಿ ಅದರ ಮೇಲೆ ಪುಟ್ಟ ಪೆಟ್ರೋಲ್ ಕ್ಯಾನು, ಪುಟ್ಟ ಕೊಡಲಿ, ಹಗ್ಗದ ಸುರುಳಿ, ಮಡಚುವ ಕುರ್ಚಿ, ಸ್ಟೆಪ್ನಿ, ಕೂಲರ್ ಪೆಟ್ಟಿಗೆ ಎಲ್ಲವನ್ನೂ ಕಟ್ಟುತ್ತಾರೆ. ಕುರ್ಚಿಯ ಮೇಲೆ ಕೂರುವವರು ಯಾರೂ ಇಲ್ಲ. ಇದೆಲ್ಲ ಸೇರಿ 150 ಗ್ರಾಂ ಆಯಿತೆನ್ನಿ, ನೆಲದಿಂದ 23 ಸೆಂಟಿಮೀಟರ್ ಎತ್ತರದಲ್ಲಿ. ಮಗುಚುವ ಕೋನ 57ಕ್ಕಿಂತ ಕೆಳಗಿಳಿಯುತ್ತದೆ. ನಂತರ ಇದನ್ನು ಸರಿದೂಗಿಸಲು ಗಾಲಿಗೆ ಸೀಸ. ಸೀಸದಿಂದ ಗಾಡಿ ಭಾರವಾಗಿ ಸ್ಟೇರಿಂಗ್ ತಿರುಗಿಸುವ ಸರ್ವೋ ಮೋಟರು ನರಳುತ್ತದೆ, ಆದ್ದರಿಂದ ದೊಡ್ಡ ಸರ್ವೋ. ದೊಡ್ಡ ಸರ್ವೋ ಎಳೆತಕ್ಕೆ ಆಕ್ಸಲಿನ ಕೀಲು ಮುರಿಯುತ್ತದೆ, ಆದ್ದರಿಂದ ಉಕ್ಕಿನ ಕೀಲು. ಹಳೇ ಬ್ಯಾಟರಿ ಬೇಗ ಬರಿದಾಗುತ್ತದೆ, ಆದ್ದರಿಂದ ದೊಡ್ಡ ಬ್ಯಾಟರಿ. ಎಲ್ಲದರ ಮೂಲ ಆ ಮಡಚುವ ಕುರ್ಚಿ. ಅದನ್ನು ತೆಗೆದುಹಾಕು ಎಂದರೆ "ಲುಕ್ ಹೋಗತ್ತೆ" ಎನ್ನುತ್ತಾನೆ. ಪಂದ್ಯಕ್ಕಾಗಿ ಗಾಡಿ ಕಟ್ಟುವವರಿಗೆ ಈ ಮೋಹವಿಲ್ಲ. ಅವರು ಗಟ್ಟಿ ಪ್ಲಾಸ್ಟಿಕ್ಕಿನ ಮೈಯನ್ನೇ ಎಸೆದು ತೆಳ್ಳನೆ ಪಾಲಿಕಾರ್ಬೊನೇಟ್ ಹೊದಿಕೆ ಹಾಕುತ್ತಾರೆ. ಅಲ್ಲಿ ದಾರಿ ಗುರುತಿಸಲು ನೆಟ್ಟ ಗೇಟಿನ ಕಂಬ ಮುಟ್ಟಿದರೆ ದಂಡ, ರಿವರ್ಸ್ ಹಾಕಿದರೆ ದಂಡ, ಕಡಿಮೆ ಅಂಕ ಪಡೆದವನೇ ಗೆದ್ದವನು. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಎಷ್ಟೋ ಮಕ್ಕಳು ಆ ಪಂದ್ಯಕ್ಕೆ ಸಲ್ಲುತ್ತಿದ್ದರು.

ಲೋಹಗಳ ಮಾತಿಗೆ ಬಂದರೆ, ಜಾಗ ಚಿಕ್ಕದು, ಅದರಲ್ಲಿ ಹೆಚ್ಚು ಭಾರ ಹಿಡಿಸಬೇಕು. ಅಲ್ಯೂಮಿನಿಯಂ ಒಂದು ಘನ ಸೆಂಟಿಮೀಟರಿಗೆ 2.7 ಗ್ರಾಂ, ಲೆಕ್ಕಕ್ಕಿಲ್ಲ. ಉಕ್ಕು 7.8ರ ಆಸುಪಾಸು. ಹಿತ್ತಾಳೆ ಸುಮಾರು ಎಂಟೂವರೆ. ಸೀಸ 11.3. ಎಸ್‌ಸಿಎಕ್ಸ್24ರಂಥ ಪುಟ್ಟ ಗಾಡಿಯ ಗಾಲಿಯೊಳಗೆ ಜಾಗವೇ ಇಲ್ಲ, ಅದಕ್ಕೆ ಇಡೀ ಗಾಲಿಯನ್ನೇ ಹಿತ್ತಾಳೆಯಲ್ಲಿ ಕಡೆದು ಮಾರುತ್ತಾರೆ. ಒಂದು ದಿನ ಬಚ್ಚಲಿನಲ್ಲಿ ದೇವರ ದೀಪಗಳ ಜೊತೆ ನಾಲ್ಕು ಗಾಲಿಗಳೂ ಹುಣಸೆಹಣ್ಣಿನಲ್ಲಿ ನೆನೆಯುತ್ತಿದ್ದವು. ಹಿತ್ತಾಳೆ ಎಂದ ಮೇಲೆ ಕಿಲುಬು ಕೂರಬಾರದು ಎನ್ನುವುದಷ್ಟೇ ತಂಗಿಯ ಧೋರಣೆ. ಸೀಸಕ್ಕಿಂತ ಭಾರ ಬೇಕೆಂದರೆ ಟಂಗ್‌ಸ್ಟನ್ ಇದೆ, 19.3. ಈ ಸಂಖ್ಯೆ ಓದಿ ಹೇಳುವಾಗ ನಾನೊಂದು ಮಾತು ಸೇರಿಸಿದೆ, ಚಿನ್ನದ್ದೂ ಹೆಚ್ಚುಕಡಿಮೆ ಅಷ್ಟೇ. ಹುಡುಗ ಒಂದು ಕ್ಷಣ ಅಮ್ಮನ ಬಳೆಗಳನ್ನು ನೋಡಿದ. ಅಂದಿನಿಂದ ತಂಗಿ ಸಾಂದ್ರತೆಯ ಪಾಠ ನಡೆಯುವಾಗ ಆ ಕೋಣೆಗೆ ಬರುವುದಿಲ್ಲ.

ಟೈರಿನೊಳಗಿನ ಸ್ಪಂಜು ತೆಗೆದು ಉಕ್ಕಿನ ಸಣ್ಣ ಗುಂಡುಗಳನ್ನು ಸಡಿಲವಾಗಿ ಸುರಿಯುವ ಒಂದು ಹಳೇ ಉಪಾಯವೂ ಉಂಟು. ಲೆಕ್ಕದ ಕಣ್ಣಿನಿಂದ ನೋಡಿದರೆ ಇದು ಎಲ್ಲಕ್ಕಿಂತ ಜಾಣತನದ್ದು. ಗಾಲಿ ನಿಧಾನಕ್ಕೆ ತಿರುಗುವಾಗ ಗುಂಡುಗಳು ತಿರುಗದೆ ತಳದಲ್ಲೇ ಉಳಿಯುತ್ತವೆ, ಅಂದರೆ ಭಾರ ಅಚ್ಚಿನ ಎತ್ತರದಲ್ಲಲ್ಲ, ನೆಲಕ್ಕೆ ಅಂಟಿಕೊಂಡಂತೆಯೇ ಇರುತ್ತದೆ. ಶಬ್ದ ಮಾತ್ರ ಕೇಳಲಾಗದು. ಟೈರಿನ ಗಾಳಿಕಿಂಡಿ ಒಂದಿಷ್ಟು ದೊಡ್ಡದಿದ್ದರೆ ಗುಂಡುಗಳು ಒಂದೊಂದಾಗಿ ಹೊರಬಿದ್ದು ಹಾಲಿನ ನೆಲದ ಮೇಲೆ ಉರುಳುತ್ತವೆ, ಹಿರಿಯರಿರುವ ಮನೆಗೆ ಇದು ಹೇಳಿ ಮಾಡಿಸಿದ್ದಲ್ಲ.

ಎಷ್ಟಕ್ಕೆ ನಿಲ್ಲಿಸಬೇಕು ಎಂಬುದೇ ಈ ವಿದ್ಯೆಯ ಕಷ್ಟದ ಭಾಗ. ನೂರು ಗ್ರಾಂ ಚೆನ್ನಾಗಿತ್ತು, ಆದ್ದರಿಂದ ಇನ್ನೂರು ಇನ್ನೂ ಚೆನ್ನಾಗಿರುತ್ತದೆ ಎಂದು ಮನಸ್ಸು ಹೇಳುತ್ತದೆ. ಭಾರದ ಗಾಲಿ ಗಾಳಿಯಲ್ಲಿ ಗಿರ್ರೆಂದು ಸುತ್ತಿ, ತಟ್ಟನೆ ಕಲ್ಲಿನ ಸಂದಿಗೆ ಸಿಕ್ಕಿ ನಿಂತಾಗ, ಅದರಲ್ಲಿ ಕೂಡಿಕೊಂಡಿದ್ದ ಶಕ್ತಿಯೆಲ್ಲ ಆಕ್ಸಲಿನೊಳಗಿನ ಹಲ್ಲುಗಳ ಮೇಲೆ ಬೀಳುತ್ತದೆ. ಕಟಕ್ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆ ಗುಂಪಿನಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಚೀಲದಲ್ಲಿ ಸ್ಕ್ರೂಡ್ರೈವರ್ ಹುಡುಕುತ್ತಾರೆ. ಬದಲಿ ಹಲ್ಲುಚಕ್ರ ಮತ್ತೆ ಯಾರದೋ ಸೂಟ್‌ಕೇಸಿನಲ್ಲಿ ಬರಬೇಕು.

ಹತ್ತಲು ಬೇಕಾದ ಕಲ್ಲಿಗಾಗಿ ಮಾತ್ರ ನಾವು ಯಾವ ದೇಶಕ್ಕೂ ಕೈಯೊಡ್ಡಬೇಕಾಗಿಲ್ಲ. ರಾಮನಗರದ ಕಡೆಯ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಆ ಊರಿಗೆ ಹಿಂದಿದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದಲೇ ಭೂವಿಜ್ಞಾನಿಗಳು ಇಂದಿಗೂ ಆ ಶಿಲೆಯನ್ನು ಕರೆಯುತ್ತಾರೆ. ಮೋಯಬ್‌ನ ಮರಳುಗಲ್ಲು ಅದರ ಮುಂದೆ ಎಳೆಕೂಸು. ಬಿಸಿಲಿಗೆ ಪದರ ಪದರವಾಗಿ ಕಳಚಿ ದುಂಡಗಾದ ಬಂಡೆ, ಬುಡದಲ್ಲಿ ಉರುಳಿಬಿದ್ದ ಗುಂಡುಕಲ್ಲು, ನಡುವೆ ಗೇಣುದ್ದದ ಕಣಿವೆ, ಹತ್ತನೇ ಒಂದು ಅಳತೆಯ ಜೀಪಿಗೆ ಇದು ಹಿಮಾಲಯವೇ. ಹಾಗೆಂದು ರಾಮದೇವರ ಬೆಟ್ಟಕ್ಕೆ ರಿಮೋಟು ಹಿಡಿದು ಹೋಗಬಾರದು, ಅದು ರಣಹದ್ದುಗಳ ಧಾಮ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಬೇಡ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಊರಾಚೆ ಯಾವುದಾದರೂ ಹೆಸರಿಲ್ಲದ ಕಲ್ಲುಗುಡ್ಡೆ ಸಾಕು. ಅಲ್ಲಿ ಕುರಿ ಕಾಯುವ ಹುಡುಗರು ಐದು ನಿಮಿಷ ನೋಡಿ, "ಯಾಕೆ ಇಷ್ಟು ಮೆಲ್ಲಗೆ ಹೋಗ್ತೈತೆ, ಕೆಟ್ಟೋಗೈತಾ?" ಎಂದು ಕೇಳುತ್ತಾರೆ. ಉತ್ತರ ಮೊದಲೇ ಸಿದ್ಧಮಾಡಿಕೊಂಡಿರಬೇಕು.

ಈ ಗೀಳು ಹತ್ತಿಸಿಕೊಳ್ಳಲು ಹೊರಟವರಿಗೆ ನನ್ನ ತೀರ್ಪು ಇಷ್ಟು. ಮೊದಲು ಬ್ಯಾಟರಿ ಮುಂದಕ್ಕೆ ಸರಿಸಿ. ಛಾವಣಿಯ ಕುರ್ಚಿ ತೆಗೆದು ಶೋಕೇಸಿನಲ್ಲಿಡಿ. ಅದಾದ ಮೇಲೂ ಮುಂದಿನ ಗಾಲಿ ಎದ್ದರೆ ಒಂದೊಂದಕ್ಕೆ ನೂರು ಗ್ರಾಂ ಹಾಕಿ, ಹಿಂದಿನವನ್ನು ಹಾಗೇ ಬಿಡಿ, ಒಂದು ತಿಂಗಳು ಓಡಿಸಿ ನೋಡಿ. ಸೀಸ ವಿಷ, ಅದನ್ನು ಕತ್ತರಿಸಿ ಅಂಟಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಯೂರೋಪಿನಲ್ಲಿ 2005ರಿಂದ ಕಾರಿನ ಗಾಲಿಗೆ ಸೀಸ ಅಂಟಿಸುವುದನ್ನೇ ನಿಷೇಧಿಸಿದ್ದಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಟೈರು ಅಂಗಡಿಯಲ್ಲಿ ಉಕ್ಕಿನ ಪಟ್ಟಿ ಕೇಳಿ ತನ್ನಿ. ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ, ಅಷ್ಟೇ. ನೂರು ಗ್ರಾಂ ಎಂದರೆ ನೂರೇ ಗ್ರಾಂ.